ಜಮಖಾನದ ಇನ್ನೊಂದು ತುದಿ

ಜಮಖಾನವನ್ನು ಒಬ್ಬಳೇ ಹಿಂಡಿದರೆ ಹೀಗೇ. ಒಂದು ತುದಿಯನ್ನು ನಲ್ಲಿಯ ಕಂಬಕ್ಕೆ ಸುತ್ತಿ, ಇನ್ನೊಂದನ್ನು ತಿರುಪಿ ಇವತ್ತು ಬೆಳಿಗ್ಗೆ ಅಂಗಳದ ತಂತಿಗೆ ಹರವಿದ್ದೆ. ಮಧ್ಯಾಹ್ನವಾದರೂ ತೊಟ್ಟಿಕ್ಕುತ್ತಲೇ ಇತ್ತು. ಕೂರಲಾಗದೆ ಮೂರು ಸಲ ಅಂಗಳಕ್ಕೆ ಹೋಗಿ ಬಂದೆ. ತಾಳ ತಪ್ಪಿ ಬೀಳುವ ಹನಿಯ ಸದ್ದು ನನಗೆ ಆಗುವುದಿಲ್ಲ. ಅದಕ್ಕೊಂದು ಕಾರಣವಿದೆ, ಕೇಳಿ.

ಹಿಂಡುವುದರಲ್ಲಿ ನನಗೆ ಗುರು ನಮ್ಮ ಅಕ್ಕ. ಅಡ್ಡಗದ್ದೆಯ ತವರಿನಲ್ಲಿ ಅವಳೊಂದು ತುದಿ, ನಾನೊಂದು ತುದಿ. ಇಬ್ಬರೂ ಒಂದೇ ಹೊತ್ತಿಗೆ ತಿರುಪಿದರೆ ನೀರು ದಬದಬ ಇಳಿಯುತ್ತದೆ. ಒಬ್ಬಳು ತಡ ಮಾಡಿದರೆ ಬಟ್ಟೆ ಸುಮ್ಮನೆ ಸುತ್ತುತ್ತದೆ, ನೀರು ಒಳಗೇ. ತಡ ಮಾಡುತ್ತಿದ್ದವಳು ಯಾರೆಂದು ಬೇರೆ ಹೇಳಬೇಕೆ?

ನಮ್ಮ ಕಡೆಗೆ ಮೊಬೈಲು ಆಗಷ್ಟೇ ಬಂದಿದ್ದ ಕಾಲ. ಸಿಗ್ನಲ್ಲಿಗೆ ದಿಬ್ಬ ಹತ್ತಬೇಕಿತ್ತು. ಮದುವೆಯಾಗಿ ಹೋದ ಕಮ್ಮರಡಿಯ ಮನೆಯಲ್ಲಿ ಅಕ್ಕ ಬಚ್ಚಲಿನಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಉಸಿರು ಸಾಲದೆ ಎರಡು ಕಡೆ ಕೂರತೊಡಗಿದಳು. ಹೃದಯ ಸೋತಿದೆ ಎಂದು ಕೊಪ್ಪದ ಡಾಕ್ಟರು ಮಾತ್ರೆ ಕೊಟ್ಟರು. ಅದು ಸಾಲದಾದಾಗ ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದು, ನನ್ನನ್ನು ಪಕ್ಕಕ್ಕೆ ಕರೆದು ವಿವರಿಸಿದರು. ಹೃದಯದ ಗೋಡೆಗಳು ಒಟ್ಟಿಗೆ ಹಿಂಡುತ್ತವೆಯೋ, ಹಿಂದೆಮುಂದೆಯೋ ಎಂದು ಅಲ್ಲಿ ಸ್ಕ್ಯಾನಿನಲ್ಲಿ ನೋಡುತ್ತಾರಂತೆ. ಹಿಂದೆಮುಂದೆಯಾದರೆ ಎರಡನ್ನೂ ಜೊತೆಗೆ ತರಲು ಹೆಗಲ ಕೆಳಗೊಂದು ಪುಟ್ಟ ಪೆಟ್ಟಿಗೆ ಕೂರಿಸಬಹುದು. ಒಟ್ಟಿಗೇ ಇದ್ದೂ ಸೋತಿದ್ದರೆ ಮಾತ್ರೆಯೇ ಗತಿ.

ಅಂದರೆ ತಪ್ಪು ಸಿಕ್ಕರೇ ಅಕ್ಕನಿಗೆ ದಾರಿ. ಇಂಥ ಹರಕೆಯನ್ನು ನೀವು ಹೊತ್ತಿದ್ದೀರೋ ಇಲ್ಲವೋ, ನಾನು ಶೃಂಗೇರಿಯಲ್ಲಿ ನಿಂತು ಹೊತ್ತೆ. ಅರ್ಚನೆಗೆ ಹೆಸರು, ನಕ್ಷತ್ರ ಕೇಳಿದ ಭಟ್ಟರಿಗೆ ಉಳಿದದ್ದನ್ನು ಹೇಗೆ ಹೇಳುವುದು? ‘ಅಮ್ಮಾ, ಎಲ್ಲ ಸರಿ ಇದೆ ಅಂತ ಮಾತ್ರ ಸ್ಕ್ಯಾನಿನಲ್ಲಿ ತೋರಿಸಬೇಡ’ ಎಂದು ಒಳಗೇ ಬೇಡಿಕೊಂಡೆ. ಹೊರಗೆ ಬಂದ ಮೇಲೆ ಹೆದರಿಕೆಯಾಗಿ, ತಿರುಗಿ ಹೋಗಿ ‘ತಪ್ಪು ಜಾಸ್ತಿಯೂ ಬೇಡ’ ಎಂದು ಸೇರಿಸಿ ಬಂದೆ.

ಸ್ಕ್ಯಾನಿನ ಕೋಣೆ ತಣ್ಣಗಿತ್ತು. ಅಕ್ಕನನ್ನು ಎಡ ಮಗ್ಗುಲಿಗೆ ಮಲಗಿಸಿ, ಎದೆಗೆ ಲೋಳೆಸರದಂಥದ್ದನ್ನು ಸವರಿದರು. ಡಾಕ್ಟರಮ್ಮ ಉಸಿರು ಹಿಡಿಯಲು ಹೇಳಿದಾಗ ನಾನೂ ಹಿಡಿದೆ. ಬಿಡಲು ಹೇಳಿದ್ದು ನನಗೆ ಕೇಳಿಸಲಿಲ್ಲ. ಪರದೆಯ ಮೇಲೆ ಬೂದುಬಣ್ಣದ್ದೇನೋ ಒದ್ದಾಡುತ್ತಿತ್ತು. ಆಕೆ ಅದನ್ನು ನಿಲ್ಲಿಸಿ ಗೆರೆ ಎಳೆಯುವರು, ಮತ್ತೆ ಓಡಿಸುವರು, ಮತ್ತೆ ಗೆರೆ. ನಾನು ಸೆರಗಿನ ತುದಿಯನ್ನು ತಿರುಪಿ ತಿರುಪಿ ಹಗ್ಗ ಮಾಡಿದ್ದೆ.

ಕೊನೆಗೆ ಪರದೆಯನ್ನು ನನ್ನ ಕಡೆ ವಾಲಿಸಿದರು. ‘ನೋಡಿ, ನಡುವಿನ ಗೋಡೆ ಹಿಂಡಿ ಮುಗಿಸಿದ ಮೇಲೆ ಆಚೆಯದು ಶುರು ಮಾಡ್ತಿದೆ. ತುಂಬಾ ತಡ.’

‘ಅಬ್ಬ, ಒಳ್ಳೇದಾಯ್ತು,’ ಎಂದುಬಿಟ್ಟೆ.

ಆಕೆ ಕನ್ನಡಕದ ಮೇಲಿಂದ ನೋಡಿದ ನೋಟ ಇನ್ನೂ ಮರೆತಿಲ್ಲ. ಮಲಗಿದ್ದಲ್ಲಿಂದಲೇ ಅಕ್ಕ ನಿಧಾನಕ್ಕೆ ಹೇಳಿದಳು: ‘ಆ ತಡದ ತುದಿ ಹಿಡಿದವಳು ಇವಳೇ ಇರಬೇಕು ಡಾಕ್ಟ್ರೇ.’

ಪೆಟ್ಟಿಗೆ ಕೂತಿತು. ಎಲ್ಲರಿಗೂ ಫಲ ಕೊಡುವುದಿಲ್ಲ ಎಂದು ಮೊದಲೇ ಹೇಳಿದ್ದರು. ಹಾಗಾಗಿ ತಿಂಗಳುಗಟ್ಟಲೆ ಅವಳು ನಡೆದಲ್ಲೆಲ್ಲ ನಾನು ಉಸಿರಿಗೆ ಕಿವಿಗೊಟ್ಟು ಹಿಂದೆಯೇ ಸುತ್ತಿದೆ. ಬಚ್ಚಲಿನಿಂದ ಅಡುಗೆಮನೆಗೆ ಕೂರದೆ ಬಂದ ದಿನ ಅವಳೇ ನನ್ನನ್ನು ಬೈದು, ನಿನ್ನ ಮನೆಗೆ ಹೋಗು ಎಂದು ಜಯಪುರದ ಬಸ್ಸು ಹತ್ತಿಸಿದಳು. ಆದರೂ ಆ ಕಿವಿಯ ಚಾಳಿ ನನಗೆ ಬಿಟ್ಟಿಲ್ಲ.

ಇವತ್ತು ನನ್ನ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ತಂತಿ ನೋಡಿದಳು. ಕಂಬದ ಜೊತೆ ಹಿಂಡಿದೆಯಾ ಎಂದು ನಕ್ಕು, ಜಮಖಾನ ಎಳೆದು ಒಂದು ತುದಿಯನ್ನು ನನ್ನ ಕೈಗಿತ್ತಳು. ಬೇಡವೆಂದರೆ ಕೇಳಲಿಲ್ಲ. ಅವಳು ತಿರುಪಿದಳು, ನಾನು ಅವಳ ಉಸಿರು ನೋಡುತ್ತ ನಿಂತೆ.

‘ಎದೆ ನೋಡಬೇಡ ಮಾರಾಯ್ತಿ, ಕೈ ನೋಡು,’ ಎಂದಳು.

ಕೈ ನೋಡಿ, ಅವಳ ಜೊತೆಗೇ ತಿರುಪಿದೆ. ನೀರು ಇಬ್ಬರ ಕಾಲ ಮೇಲೂ ಬಿತ್ತು.