ಹನುಮೇಶ ಬರೆದ ಏಟುಗಳು

ಏಟು ಹೇಗೆ ಬೀಳುತ್ತದೆಂದು ಹನುಮೇಶನಿಗೆ ಕಲಿಸಿದವನು ಅವನಪ್ಪ ಯಂಕಪ್ಪ. ಬಾಗಲಕೋಟೆ ಕಡೆಯಿಂದ ಮಣಿಪಾಲಕ್ಕೆ ಗಾರೆ ಕೆಲಸಕ್ಕೆ ಬಂದಿದ್ದ ಯಂಕಪ್ಪ ಕುಡಿದು ಬಂದರೆ ಹೆಂಡತಿ ರೇಣುಕವ್ವನನ್ನು ಬಡಿಯುತ್ತಿದ್ದ. ಏಟು ಬಿದ್ದಾಗ ಮೊದಲು ತಿರುಗುವುದು ಮುಖವಲ್ಲ, ಕುಗ್ಗುವುದು ಹೆಗಲು; ನೆಲಕ್ಕೆ ಬಿದ್ದವಳು ಮೊದಲು ಹುಡುಕುವುದು ಜಾರಿದ ಸೆರಗನ್ನು. ತಗಡಿನ ಶೆಡ್ಡಿನ ಮೂಲೆಯಲ್ಲಿ ಕೂತು ಹನುಮೇಶ ಇದನ್ನೆಲ್ಲ ನೋಡಿದ್ದ.

ದೊಡ್ಡವನಾದ ಮೇಲೆ ಆನಿಮೇಷನ್ ಕಲಿತು, ೨೦೦೬ರಲ್ಲಿ ಮಣಿಪಾಲದ ಸಣ್ಣದೊಂದು ವಿಡಿಯೋ ಗೇಮ್ ಕಂಪನಿಗೆ ಸೇರಿದ. ಮಾಲೀಕ ಮಾಧವ, ಉಡುಪಿಯ ಮೇಷ್ಟರೊಬ್ಬರ ಮಗ. ಆಟಗಳನ್ನು ಮಾರುಕಟ್ಟೆಗೆ ಬಿಡುವ ವಿದೇಶಿ ಪ್ರಕಾಶಕರೊಬ್ಬರಿಗಾಗಿ ಅಲ್ಲಿ ಬೀದಿ ಕಾಳಗದ ಆಟವೊಂದು ತಯಾರಾಗುತ್ತಿತ್ತು. ಹನುಮೇಶ ಅದಕ್ಕೆ ಏಟುಗಳನ್ನು ಒಂದೊಂದೇ ಚಿತ್ರವಾಗಿ ಬರೆದ. ಅವನು ಬರೆದ ಗುದ್ದು ಕಂಡರೆ ನೋಡುವವರ ಕೈ ತಾನಾಗಿ ದವಡೆ ಮುಟ್ಟಿಕೊಳ್ಳುತ್ತಿತ್ತು.

ಅಷ್ಟರಲ್ಲಿ ಪ್ರಕಾಶಕರ ಅಪ್ಪಣೆ ಬಂತು: ಮನೆ ಮನೆಗೂ ಹೋಗುತ್ತಿರುವ ಹೊಸ ಬಿಳಿ ಪೆಟ್ಟಿಗೆಗೇ ಆಟವನ್ನು ಹೊಂದಿಸಿ. ಟಿ.ವಿ.ಗೆ ಜೋಡಿಸಿ, ರಿಮೋಟಿನಂಥ ಕಡ್ಡಿ ಬೀಸಿ ಆಡುವ ಗೇಮ್ ಪೆಟ್ಟಿಗೆ ಅದು. ಶಕ್ತಿ ಕಡಿಮೆ. ಚಿತ್ರಗಳನ್ನು ಕತ್ತರಿಸಿ ಕತ್ತರಿಸಿ ತುಂಬಿಸಬೇಕಾಯಿತು. ಕೈ ಬೀಸಿದ ಮೇಲೆ ಪರದೆಯ ಗುದ್ದು ತಡವಾಗಿ ಬೀಳುತ್ತಿತ್ತು.

ಆಟಗಳನ್ನು ಪರೀಕ್ಷಿಸುತ್ತಿದ್ದ ಸುಭಾಷಿಣಿ ಮಾಧವನ ಎದುರೇ ಹೇಳಿದಳು, "ಸರ್, ನಮ್ಮ ಮನೆಯಲ್ಲಿ ಈ ಪೆಟ್ಟಿಗೆ ಉಂಟು. ಅಣ್ಣ ದುಬೈಯಿಂದ ತಂದದ್ದು. ಅಮ್ಮ ಅದರಲ್ಲಿ ಟೆನಿಸ್ ಆಡುತ್ತಾರೆ. ಅದು ಪೆಟ್ಟಿಗೆ ಮಾಡಿದವರದ್ದೇ ಆಟ. ಜನ ಪೆಟ್ಟಿಗೆ ತೆಗೆದುಕೊಳ್ಳುವುದೇ ಆ ಆಟಗಳಿಗಾಗಿ. ಹೊರಗಿನವರದ್ದು ಯಾರಿಗೆ ಬೇಕು?"

"ಕೋಟಿಗಟ್ಟಲೆ ಮನೆಗೆ ಹೋಗಿದೆ ಮಾರಾಯ್ತಿ," ಮಾಧವ ನಕ್ಕ. "ನೂರರಲ್ಲಿ ಒಬ್ಬ ತೆಗೆದುಕೊಂಡರೂ ಸಾಕಲ್ವಾ?"

ಒಬ್ಬನೂ ತೆಗೆದುಕೊಳ್ಳಲಿಲ್ಲ ಎನ್ನಬೇಕು. ಕ್ರಿಸ್‌ಮಸ್ಸಿಗೆ ಆಟ ಅಂಗಡಿಗೆ ಬಂದ ವಾರವೇ ಪೆಟ್ಟಿಗೆಯವರು ತಮ್ಮದೇ ದೊಡ್ಡ ಆಟವೊಂದನ್ನು ಬಿಟ್ಟರು. ಅಜ್ಜ, ಮೊಮ್ಮಗಳು ಕೂಡಿ ಆಡುವ ಆ ಪೆಟ್ಟಿಗೆಯಲ್ಲಿ ನೆತ್ತರಿನ ಆಟವನ್ನು ಕೇಳುವವರಿರಲಿಲ್ಲ. ನೆತ್ತರು ಬೇಕಾದವರ ಮನೆಯಲ್ಲಿ ಬೇರೆ, ಬಲವಾದ ಪೆಟ್ಟಿಗೆಯಿತ್ತು. ಪ್ರಕಾಶಕರು ಫೋನಿನಲ್ಲೇ ಮುಂದಿನ ಕೆಲಸವನ್ನೆಲ್ಲ ರದ್ದು ಮಾಡಿದರು.

ಫೋನ್ ಇಟ್ಟ ಮಾಧವ ಶಟರ್ ಎಳೆಯುವ ಕಬ್ಬಿಣದ ಸರಳನ್ನು ಕೈಗೆತ್ತಿಕೊಂಡ. ಮೊದಲು ಬಿಳಿ ಪೆಟ್ಟಿಗೆ ಚೂರಾಯಿತು. ಆಮೇಲೆ ಸಾಲಾಗಿ ಕಂಪ್ಯೂಟರುಗಳು. ಗಾಜು ಸಿಡಿದು ಅವನದೇ ಹಣೆಯಿಂದ ರಕ್ತ ಇಳಿಯುತ್ತಿತ್ತು.

"ಸರ್, ಬೇಡ!" ಎಂದು ಸುಭಾಷಿಣಿ ಅಡ್ಡ ಬಂದಳು.

"ನಿನ್ನ ನಾಲಗೆಯಿಂದಲೇ ಹೀಗಾದದ್ದು!" ಸರಳು ಅವಳ ತಲೆಯ ಮೇಲೆ ಏರಿತು.

ಹನುಮೇಶ ನಡುವೆ ನುಗ್ಗಿ ಬಲಗೈ ಚಾಚಿದ. ಹಸಿ ಕೋಲು ಮುರಿದಂಥ ಸದ್ದಾಯಿತು. ಹಸ್ತ ಮಣಿಕಟ್ಟಿನ ಬಳಿ ಬೇರೆ ದಿಕ್ಕಿಗೆ ಜೋತು ಬಿತ್ತು. ಸುಭಾಷಿಣಿಯೇ ಅವನನ್ನು ಆಸ್ಪತ್ರೆಗೆ ಸಾಗಿಸಿದಳು.

ಮರುದಿನ ಬೆಳಿಗ್ಗೆ ರೇಣುಕವ್ವ ಆಸ್ಪತ್ರೆಗೆ ಓಡಿ ಬಂದಳು. "ನಿಮ್ಮಪ್ಪ ಸುತ್ತಗಿ ಹಿಡ್ಕೊಂಡು ಹೋಗ್ಯಾನೋ! ಕೊಲ್ತಾನ ನಿಮ್ಮ ಮಾಲಕನ್ನ!"

ಪ್ಲಾಸ್ಟರ್ ಹಾಕಿದ ಕೈಯಲ್ಲೇ ಹನುಮೇಶ ರಿಕ್ಷಾ ಹತ್ತಿದ. ಅವನು ತಲುಪುವಾಗ ಮಾಧವ ಕಂಪನಿ ಕಟ್ಟಡದ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದ. ಒಂದು ಹೆಗಲು ಒಳಕ್ಕೆ ಕುಸಿದಿತ್ತು. ಯಂಕಪ್ಪ ಅವನ ಎದೆಯ ಮೇಲೆ ಕಾಲಿಟ್ಟು, ತಲೆಗೆ ಗುರಿಯಿಟ್ಟು ಸುತ್ತಿಗೆ ಎತ್ತಿದ್ದ.

"ಅಪ್ಪಾ, ಸಾಕು!" ಹನುಮೇಶ ಎಡಗೈಯಲ್ಲಿ ಸುತ್ತಿಗೆಯ ಹಿಡಿಕೆಯನ್ನು ಹಿಡಿದ.

"ನಿನ್ನ ಕೈ ಮುರದಾನಲ್ಲೋ! ಬಿಡು, ಸೂಳಿಮಗನ!" ಯಂಕಪ್ಪ ಇನ್ನೊಂದು ಕೈಯಿಂದ ಮಗನ ಕಪಾಳಕ್ಕೆ ಬಾರಿಸಿದ.

ಹನುಮೇಶ ಪ್ಲಾಸ್ಟರಿನ ಕೈಯನ್ನೇ ಬೀಸಿ ಅಪ್ಪನ ಮುಖಕ್ಕೆ ಹೊಡೆದ. ಮೂಗು ಮುರಿದು ಯಂಕಪ್ಪ ಕೆಳಗೆ ಬಿದ್ದ. ನೋವಿಗೆ ಹನುಮೇಶನೂ ಕಿರುಚಿ ಅಲ್ಲೇ ಕುಸಿದ. ಆದರೆ ಆ ನೋವಿಗೂ ಮೊದಲು ಅವನಿಗೆ ಆದದ್ದು ಸಂತೋಷ. ಆ ಸಂತೋಷಕ್ಕೇ ಅವನು ಹೆದರಿದ.

ಪೊಲೀಸರು ಬಂದರು. ಮಾಧವ ಯಂಕಪ್ಪನ ಮೇಲೆ ದೂರು ಕೊಡಲಿಲ್ಲ, ಹನುಮೇಶ ಮಾಧವನ ಮೇಲೆ ಕೊಡಲಿಲ್ಲ, ಠಾಣೆಯಲ್ಲೇ ರಾಜಿಯಾಯಿತು. ಕಂಪನಿ ಮುಚ್ಚಿತು. ಮಾಧವ ಈಗ ಕಾರ್ಕಳದಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಾನೆ. ಬೋರ್ಡಿನ ಮೇಲ್ಭಾಗಕ್ಕೆ ಅವನ ಕೈ ಹೋಗುವುದಿಲ್ಲ. ಹನುಮೇಶನ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತು. ಸೂಕ್ಷ್ಮ ಗೆರೆ ಬಾರದಾದರೂ ಕಾಪುವಿನ ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಹೋಗುವಾಗ ಅವ್ವನನ್ನೂ ಕರೆದುಕೊಂಡು ಹೋದ.

ಮಾರನೆಯ ವರ್ಷ ಒಂದು ಮಧ್ಯಾಹ್ನ ಯಂಕಪ್ಪ ಕಾಪುವಿನ ಅವರ ಬಾಡಿಗೆ ಮನೆಯ ಬಾಗಿಲಿಗೆ ಬಂದ. ಕುಡಿದಿರಲಿಲ್ಲ. ಹನುಮೇಶ ಎದ್ದು ಹೊಸ್ತಿಲಿಗೆ ಅಡ್ಡ ನಿಂತ. ರೇಣುಕವ್ವ ಮಗನನ್ನು ಪಕ್ಕಕ್ಕೆ ಸರಿಸಿದಳು.

"ಉಂಡು ಹೋಗು," ಎಂದಳು ಗಂಡನಿಗೆ. "ಇರಾಕ ಬ್ಯಾಡ."

ಯಂಕಪ್ಪ ಜಗಲಿಯಲ್ಲಿ ಕೂತು ಉಂಡ. ತಾನೇ ತಟ್ಟೆ ತೊಳೆದಿಟ್ಟು, ಉಡುಪಿ ಬಸ್ಸಿಗೆ ನಡೆದ.