ಬಡ್ತಿ ಬೇಡವೆಂಬ ಅರ್ಜಿ

ಲೋಹಿತಾ, ಅವಳ ಗಂಡ ಬಸವೇಶ್, ಇಬ್ಬರ ಸಂಬಳ ಸೇರಿದರೆ ತಿಂಗಳಿಗೆ ಒಂದು ಲಕ್ಷದ ಮೂವತ್ತು ಸಾವಿರ. ಶಿರಾದ ಅವರ ಬೀದಿಯಲ್ಲಿ ಇದು ಎಲ್ಲರಿಗೂ ಗೊತ್ತು. ರಸೀದಿ ಪುಸ್ತಕ ಹಿಡಿದು ಚಂದಾ ಕೇಳಲು ಬರುವವರಿಗೆ ಇನ್ನೂ ಚೆನ್ನಾಗಿ ಗೊತ್ತು. ತಿಂಗಳ ಹತ್ತು ಕಳೆದ ಮೇಲೆ ಲೋಹಿತಾ ಶಾಂಪೂವನ್ನು ಬಿಡಿ ಪೊಟ್ಟಣಗಳಲ್ಲಿ ತರುತ್ತಾಳೆ ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ.

ದುಡ್ಡೆಲ್ಲ ಎಲ್ಲಿ ಹೋಗುತ್ತದೆ ಎಂದರೆ ಬಸವೇಶ್ ಬೆರಳು ಮಡಿಸುತ್ತಾನೆ. ಮನೆ ಸಾಲದ ಕಂತು, ತುಮಕೂರಿನ ಸೈಟಿನ ಕಂತು, ಕಾರಿನ ಕಂತು, ಮಗಳ ಪಿಯುಸಿ ಫೀಸು. ವಾರದಲ್ಲಿ ಆರು ದಿನ ಹೊದಿಕೆ ಹೊದ್ದು ನಿಲ್ಲುವ ಕಾರು ಭಾನುವಾರ ಮದುವೆಗೋ ಗೃಹಪ್ರವೇಶಕ್ಕೋ ಹೊರಡುತ್ತದೆ. ಗಂಡ ಹೆಂಡತಿ ಇಬ್ಬರೂ ನೌಕರಿಯಲ್ಲಿರುವವರು, ಮುಯ್ಯಿ ಸಾವಿರಕ್ಕಿಂತ ಕಡಿಮೆ ಮಾಡುವ ಹಾಗಿಲ್ಲ.

ಮದುವೆಯಾಗಿ ಇಪ್ಪತ್ತು ವರ್ಷ. ಕೈ ಬಿಗಿಯಾದಾಗಲೆಲ್ಲ ಖರ್ಚು ಇಳಿಸುವ ದಾರಿ ಹೇಳಿದವಳು ಲೋಹಿತಾಳೇ. ಅಂಗಡಿಯಿಂದ ದೋಸೆ ಹಿಟ್ಟು ಬೇಡ, ನಾನೇ ರುಬ್ಬುತ್ತೇನೆ ಎಂದಳು. ಮಗಳ ಟ್ಯೂಷನ್ ಬಿಡಿಸಿ ಗಣಿತ ತಾನೇ ಹೇಳಿಕೊಟ್ಟಳು. ಕಳ್ಳಂಬೆಳ್ಳದ ಹತ್ತಿರ ತಾನು ಪಾಠ ಮಾಡುವ ಶಾಲೆಗೆ ಒಂಬತ್ತು ಗಂಟೆಯ ಖಾಸಗಿ ಬಸ್ಸು ಬಿಟ್ಟು, ಹೆಂಗಸರಿಗೆ ಟಿಕೆಟ್ ಇಲ್ಲದ ಏಳೂಮುಕ್ಕಾಲರ ಸರ್ಕಾರಿ ಬಸ್ಸು ಹಿಡಿದಳು. ಅದಕ್ಕಾಗಿ ಐದೂವರೆಯ ಬದಲು ನಾಲ್ಕೂವರೆಗೆ ಎದ್ದಳು. ಅತ್ತೆ ಇಂದ್ರಮ್ಮ ಇಂಥ ಸೊಸೆ ಯಾರಿಗಿದ್ದಾಳೆ ಎಂದು ಬಂದವರ ಮುಂದೆ ಹೊಗಳುತ್ತಿದ್ದರು. ಆ ಹೊಗಳಿಕೆ ಕೇಳಿ ಲೋಹಿತಾಳಿಗೆ ಖುಷಿಯಾಗುತ್ತಿತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಕಾರು ಹೋಗಲಿಲ್ಲ, ಸೈಟು ಹೋಗಲಿಲ್ಲ. ಹೋದದ್ದೆಲ್ಲ ಅವಳ ಕೈಗೆ ಸ್ವಲ್ಪ ಬಿಡುವು ಕೊಡುತ್ತಿದ್ದ ಸಂಗತಿಗಳೇ ಎಂಬುದು ಅವಳಿಗೂ ಹೊಳೆದಿರಲಿಲ್ಲ.

ಕೊನೆಗೆ ಪಾತ್ರೆ ಬಟ್ಟೆಯ ಚಿಕ್ಕಹನುಮಕ್ಕನ ಸರದಿ ಬಂತು. ಮುಂದಿನ ತಿಂಗಳಿಂದ ಬೇಡ ಎಂದು ಲೋಹಿತಾ ತಲೆ ತಗ್ಗಿಸಿಕೊಂಡೇ ಹೇಳಿದಳು. ಚಿಕ್ಕಹನುಮಕ್ಕ ಕೈ ಒರೆಸಿಕೊಳ್ಳುತ್ತಾ ನಕ್ಕಳು.

“ಇಬ್ರೂ ಸಂಬ್ಳ ತಗಂತೀರ, ನನ್ನ ಎಲ್ಡು ಸಾವ್ರ ಭಾರ ಆಗೋಯ್ತಾ ಟೀಚರಮ್ಮ? ನನ್ ಗಂಡ ಗಾರೆ ಕೆಲ್ಸಕ್ಕೋಗ್ತಾನೆ. ನಾನೇ ಆರ್ ಗಂಟೆಗಂಟ ಮಲ್ಗಿರ್ತೀನಿ ಕಣಮ್ಮ.”

ಬಡ್ತಿಯ ಪತ್ರ ಬಂದದ್ದು ಆಮೇಲೆ. ಇಪ್ಪತ್ತೆರಡು ವರ್ಷದ ಸೇವೆಯ ಮೇಲೆ ಮುಖ್ಯಶಿಕ್ಷಕಿಯ ಹುದ್ದೆ. ಮಧುಗಿರಿಯ ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ಹಿರಿತನದ ಪ್ರಕಾರ ಹೆಸರು ಕರೆಯುತ್ತಾರೆ, ಖಾಲಿ ಇರುವ ಊರುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಶಿರಾ ತಾಲ್ಲೂಕಿನಲ್ಲಿ ಒಂದೂ ಖಾಲಿ ಇರಲಿಲ್ಲ. ಪಾವಗಡದ ಕಡೆ ಬೇಕಾದಷ್ಟಿದ್ದವು, ಕೊರಟಗೆರೆಯಲ್ಲಿ ಮೂರು, ಮಧುಗಿರಿ ತಾಲ್ಲೂಕಿನಲ್ಲಿ ಒಂದು. ಲೋಹಿತಾ ಆ ಪತ್ರವನ್ನು ಸ್ಟಾಫ್ ರೂಮಿನಲ್ಲಿ ಎರಡು ಸಲ, ಬಸ್ಸಿನಲ್ಲಿ ಒಂದು ಸಲ ಓದಿದಳು. ಮಕ್ಕಳು ಸೋರುವ ಕೋಣೆಯಲ್ಲಿ ಕೂತಿದ್ದರೂ ಮುಖ್ಯಶಿಕ್ಷಕರು ಬೀಗ ಹಾಕಿಸಿಟ್ಟ ಹೊಸ ಕೋಣೆಯನ್ನು ತೆರೆಸಲಾಗದ ಸಹಶಿಕ್ಷಕಿಯಾಗಿ ಅವಳಿಗೆ ಸಾಕಾಗಿತ್ತು. ಶಾಲೆಯೊಂದನ್ನು ತನ್ನ ಕೈಯಾರೆ ನಡೆಸಬೇಕು ಎಂಬುದು ಬಿಟ್ಟರೆ ತನಗಾಗಿ ಅವಳು ಬೇರೇನನ್ನೂ ಬಯಸಿದವಳಲ್ಲ.

ಬಸವೇಶ್ ಬೇಡ ಎನ್ನಲಿಲ್ಲ. ಹಳೆಯ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಲೆಕ್ಕ ಹಾಕಿದ. ಬಡ್ತಿಯಿಂದ ಹೆಚ್ಚುವುದು ಎರಡು ಸಾವಿರದ ನೂರು. ಅವಳು ಅಷ್ಟು ದೂರ ಹೋದರೆ ಅಡುಗೆಯವರಿಗೆ ಆರು ಸಾವಿರ, ಪಾತ್ರೆ ಬಟ್ಟೆಗೆ ಎರಡು, ಸಕ್ಕರೆ ಕಾಯಿಲೆಯ ಅಮ್ಮನಿಗೆ ಹೊತ್ತಿಗೆ ಸರಿಯಾಗಿ ಊಟ ಮಾತ್ರೆ ಕೊಡುವವರಿಗೆ ಏಳು. ಆ ಕಡೆಯ ಖಾಸಗಿ ಬಸ್ಸಿನ ಚಾರ್ಜು ಬೇರೆ.

“ನೋಡು, ನಾನು ಅಡ್ಡ ಬರಲ್ಲ,” ಎಂದ. “ಲೆಕ್ಕ ಅಡ್ಡ ಬರ್ತೈತೆ.”

ಲೋಹಿತಾ ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡಳು. ತನ್ನ ಬೆಳಗು ಸಂಜೆಗಳು ಅಂಕಿಗಳಾಗಿ ಒಂದರ ಕೆಳಗೊಂದು ನಿಂತದ್ದನ್ನು ಅವಳು ನೋಡಿದ್ದು ಅದೇ ಮೊದಲು.

“ರೀ, ಪಾತ್ರೆ ಬಟ್ಟೆಯದು ಬಿಟ್ಟು ಉಳಿದ ಈ ಹದಿಮೂರು ಸಾವಿರ ಇಷ್ಟು ವರ್ಷ ಯಾರು ಕೊಡ್ತಿದ್ರು?”

“ಯಾರು ಕೊಡ್ತಾರೆ? ನಮ್ಮನೆ ಕೆಲಸಕ್ಕೆ ನಾವೇ ದುಡ್ಡು ಕೊಟ್ಕೋತೀವಾ?” ಬಸವೇಶ್ ನಿಜವಾಗಿಯೂ ಆಶ್ಚರ್ಯಪಟ್ಟಿದ್ದ. ಅವನು ಕೆಟ್ಟವನಲ್ಲ, ಕುಡಿಯುವವನಲ್ಲ, ಕೈ ಎತ್ತಿದವನಲ್ಲ. ಊಟ ಆದ ಮೇಲೆ ತಟ್ಟೆಯನ್ನು ಸಿಂಕಿನವರೆಗೂ ಒಯ್ಯುವ ಗಂಡಸು ಎಂದು ಬೀದಿಯಲ್ಲಿ ಒಳ್ಳೆಯ ಹೆಸರಿದೆ.

ಹೆಸರು ಕರೆಯುವ ದಿನ ಅವಳು ಮಧುಗಿರಿಗೆ ಹೋದದ್ದು ಬಡ್ತಿ ಬೇಡವೆಂದು ಬರೆದುಕೊಟ್ಟು ಬರಲು. ಒಮ್ಮೆ ಬೇಡವೆಂದರೆ ಮತ್ತೆ ಹೆಸರು ಬರಲು ಎಷ್ಟು ವರ್ಷವೋ, ಅಷ್ಟರಲ್ಲಿ ನಿವೃತ್ತಿಯೇ ಬರಬಹುದು. ಅದೂ ಅವಳಿಗೆ ಗೊತ್ತಿತ್ತು. ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಬಿಳಿ ಹಾಳೆ ಕೇಳಿದಳು. ಅಂಗಡಿಯ ಅಡವಯ್ಯ ಏನು ಬರೆಯುವುದಕ್ಕೆ ಎಂದು ವಿಚಾರಿಸಿ, ಮೇಜಿನ ಕೆಳಗಿಂದ ಅಚ್ಚು ಹಾಕಿದ ಕಾಗದವೊಂದನ್ನು ತೆಗೆದುಕೊಟ್ಟ.

“ಬೇಡ ಅನ್ನೋದಾ ಮೇಡಂ? ರೆಡಿ ಐತೆ. ಹೆಸ್ರು, ಸ್ಕೂಲು ತುಂಬಿ ಸೈನ್ ಹಾಕ್ಬುಡಿ. ಐದ್ ರುಪಾಯಿ.”

ಕೌಟುಂಬಿಕ ಕಾರಣಗಳಿಂದ ಸ್ವಇಚ್ಛೆಯಿಂದ ಬಡ್ತಿ ನಿರಾಕರಿಸುತ್ತೇನೆ ಎಂದಿತ್ತು. ಹೆಸರು ಬರೆಯಲು ಬಿಟ್ಟ ಜಾಗಕ್ಕೆ ಮೊದಲೇ ‘ಶ್ರೀಮತಿ’ ಎಂಬುದೂ ಅಚ್ಚಾಗಿತ್ತು.

“ಗಂಡಸರಿಗೆ ಬೇರೆ ಫಾರಂ ಇದೆಯಾ?” ಲೋಹಿತಾ ಕೇಳಿದಳು.

“ಅವ್ರ್ಯಾರೂ ಕೇಳಲ್ಲ ಮೇಡಂ. ಇದ್ನ ಬೆಳಗ್ಗಿಂದ ಹದ್ನಾಲ್ಕು ಕೊಟ್ಟೆ.”

ಅವಳು ಕಾಗದ ತುಂಬಿದಳು, ಸಹಿಯನ್ನೂ ಹಾಕಿದಳು. ಒಳಗೆ ಬೆಂಚಿನ ಮೇಲೆ ಕೂತಾಗ ಪಕ್ಕದಲ್ಲಿದ್ದ ರಾಧಾಮಣಿ ಟೀಚರ್ ಕೈಯಲ್ಲೂ ಅದೇ ಕಾಗದ. ಅದರಾಚೆಯವರ ಕೈಯಲ್ಲೂ ಅದೇ. ಎಲ್ಲರೂ ಅದನ್ನು ಮಡಿಸಿ ಬೀಸಣಿಗೆ ಮಾಡಿಕೊಂಡಿದ್ದರು. ಸೇವೆಯಲ್ಲಿ ಅವಳಿಗಿಂತ ತುಸುವೇ ಹಿರಿಯನಾದ ಪ್ರಭುದೇವ್ ಮೇಷ್ಟ್ರು ಎದ್ದು ಹೋಗಿ ಪಾವಗಡದ ಊರೊಂದನ್ನು ಆರಿಸಿಕೊಂಡು ಬಂದರು. ಅಷ್ಟು ದೂರ ಹೇಗೆ ಎಂದು ರಾಧಾಮಣಿ ಕೇಳಿದ್ದಕ್ಕೆ ಅಲ್ಲೇ ರೂಮು ಮಾಡುತ್ತೇನೆ, ಶನಿವಾರ ಮನೆಗೆ ಬಂದರಾಯಿತು ಎಂದರು. ಅವರ ಮನೆಯಲ್ಲೂ ವಯಸ್ಸಾದ ತಾಯಿಯಿದ್ದಾರೆ, ಕಾಲೇಜಿಗೆ ಹೋಗುವ ಮಗಳಿದ್ದಾಳೆ. ಲೆಕ್ಕ ಬರೆಯಲು ಅವರಿಗೆ ಲಗ್ನಪತ್ರಿಕೆ ಬೇಕಾಗಿರಲಿಲ್ಲ.

ಲೋಹಿತಾಳ ಹೆಸರು ಕರೆದರು. ಅಧಿಕಾರಿ ತಲೆಯೆತ್ತದೆ ಕಾಗದಕ್ಕಾಗಿ ಕೈ ಚಾಚಿದರು. ಅವಳು ಕೊಡಲಿಲ್ಲ. ಮಧುಗಿರಿ ತಾಲ್ಲೂಕಿನದು ಇನ್ನೂ ಖಾಲಿ ಇದೆಯೇ ಎಂದು ಕೇಳಿ, ಆ ಊರಿನ ಹೆಸರು ಹೇಳಿದಳು.

ಹೊರಗೆ ಬಂದು ಫೋನ್ ಮಾಡಿದಾಗ ಬಸವೇಶ್ ಕೂಗಾಡಲಿಲ್ಲ. ಒಂದೇ ಮಾತು ಕೇಳಿದ.

“ಹಂಗಾದ್ರೆ ಬೆಳಗ್ಗೆ ಎಷ್ಟೊತ್ತಿಗೆ ಎದ್ದೇಳ್ತೀಯ?”

“ಬಸ್ಸು ಏಳಕ್ಕೆ. ಆರಕ್ಕೆ ಏಳ್ತೀನಿ. ಅಡುಗೆಯವರನ್ನ ನೀವು ಹುಡುಕಿ.”

ಹುಡುಕುತ್ತೇನೆ ಎಂದ ಬಸವೇಶ್. ಹೊಸ ಶಾಲೆಗೆ ಸೇರುವ ಸೋಮವಾರ ಅವಳು ಆರಕ್ಕೆ ಎದ್ದಾಗ ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು, ಕುಕ್ಕರ್ ಕೂಗುತ್ತಿತ್ತು. ಅಡುಗೆಯವರು ಬಂದರು ಎಂದುಕೊಂಡಳು. ಹೋಗಿ ನೋಡಿದರೆ ಮಗಳು. ಕೆಮಿಸ್ಟ್ರಿ ನೋಟ್ಸನ್ನು ಮಿಕ್ಸಿಗೆ ಆನಿಸಿಟ್ಟುಕೊಂಡು ಹುರುಳಿಕಾಯಿ ಹೆಚ್ಚುತ್ತಿದ್ದಳು. ಇನ್ನೊಂದು ಒಲೆಯ ಮೇಲೆ ಅಜ್ಜಿಯ ಮುದ್ದೆಗೆ ಎಸರು ಕುದಿಯುತ್ತಿತ್ತು. ಅಪ್ಪ ನಾಲ್ಕೂವರೆಗೆ ಎಬ್ಬಿಸಿ ಮತ್ತೆ ಮಲಗಿದರಂತೆ.

“ಅಡುಗೆಯೋರು ದುಡ್ಡು ಜಾಸ್ತಿ ಕೇಳಿದ್ರಂತಮ್ಮ. ನಾನೇ ಮಾಡ್ತೀನಿ ಬಿಡು, ನನ್ ಪಿಯುಸಿ ಮುಗಿಯೋವರ್ಗೂ ಒಂದ್ ವರ್ಷ ತಾನೆ.”

ಲೋಹಿತಾ ಎರಡೂ ಒಲೆ ಆರಿಸಿದಳು. ಚಾಕು ತೆಗೆದಿಟ್ಟು, ನೋಟ್ಸನ್ನು ಮಗಳ ಕೈಗೆ ಕೊಟ್ಟು, ಓದಿಕೋ ಹೋಗು ಎಂದಳು. ಅಜ್ಜಿಯ ಮಾತ್ರೆ ಡಬ್ಬಿಯನ್ನು ಮಲಗಿದ್ದ ಬಸವೇಶನ ದಿಂಬಿನ ಪಕ್ಕ ಇಟ್ಟಳು. ಏಳು ಗಂಟೆಯ ಬಸ್ಸಿಗೆ ಹೊತ್ತಾಗುತ್ತಿತ್ತು. ಅರ್ಧ ಹೆಚ್ಚಿದ ಹುರುಳಿಕಾಯಿ ಹಾಗೇ ಬಿದ್ದಿರಲು ಬಿಟ್ಟು, ಖಾಲಿ ಹೊಟ್ಟೆಯಲ್ಲಿ ಮೊದಲ ದಿನದ ಕೆಲಸಕ್ಕೆ ಹೊರಟಳು.