ಸಾಲ ತೀರಿದ ಮೇಲೂ ಶೆಟ್ಟರ ವಸೂಲಿ

ಗೆಳೆಯರೇ, ನನಗೆ ಸಾಲ ಕೊಟ್ಟಿದ್ದ ಶೆಟ್ಟರು ಇವತ್ತು ಬೆಳಿಗ್ಗೆ ಜಯನಗರದ ನಮ್ಮ ಮನೆಯ ಬಾಗಿಲು ಬಡಿದು, ಬೀದಿಗೆಲ್ಲ ಕೇಳುವಂತೆ, "ರಾಯರೇ, ಇಪ್ಪತ್ತು ರೂಪಾಯಿ ತನ್ನಿ!" ಎಂದು ಕೂಗಿದರು. ಅವರ ಸಾಲ ತೀರಿ ಮೂರು ತಿಂಗಳಾಗಿದೆ.

"ಎಲ್ಲಾ ತೀರಿಸಿದ್ದೀನಲ್ಲ ಶೆಟ್ರೇ!" ಎಂದೆ.

"ಅಮ್ಮಾವ್ರು ಹೇಳಿ ಕಳಿಸಿದ್ರು," ಎಂದರು.

ಒಳಗಿನಿಂದ ನನ್ನ ಹೆಂಡತಿ ಶಾರದಾ ಬಂದಳು. "ಹೌದು, ನಾನೇ ಕರೆಸಿದ್ದು. ಇವರು ಬಂದು ಕೂಗಿದ್ರೆ ಒಂದನೇ ತಾರೀಕು ದುಡ್ಡು ಹೊರಗೆ ಬರ್ತಿತ್ತು. ಈಗ ಅದನ್ನೇ ಪೋಸ್ಟಾಫೀಸಲ್ಲಿ ಕಟ್ಟಿ ಅಂದ್ರೆ ಮೂರು ತಿಂಗಳಿಂದ ಒಂದು ನಯಾಪೈಸೆ ಕಟ್ಟಿಲ್ಲ. ಎಲ್ಲಾ ಹೋಟೆಲ್ ದೋಸೆಗೆ ಹೋಯ್ತು!"

ನಾನು ವಾದಕ್ಕಿಳಿದೆ. ಶೆಟ್ಟರು ಜಗುಲಿಯ ಮೇಲೆ ಕೂತು ದನಿ ಏರಿಸಿದರು: "ಕೊಡೋವರ್ಗೂ ಏಳಲ್ಲ!" ಅಕ್ಕಪಕ್ಕದ ಕಿಟಕಿಗಳು ತೆರೆದವು. ಮಾನಕ್ಕೆ ಅಂಜಿ ಹಣ ಕೊಟ್ಟೆ. ಅವರು ಅದನ್ನು ಶಾರದೆಯ ಕೈಗಿಟ್ಟು, ಕಾಫಿ ಕುಡಿದು ಹೋದರು. ಅವಳು ನೇರ ಪೋಸ್ಟಾಫೀಸಿಗೆ ನಡೆದಳು.

ಸಂಜೆ ಎದುರುಮನೆಯ ಮೇಷ್ಟ್ರು ಮೆಲ್ಲಗೆ ಬಂದರು. "ಎಲ್ಲಾ ಕೇಳಿಸ್ತು, ಪಾಪ. ನಾನು ಐವತ್ತು ರೂಪಾಯಿ ಕೊಡ್ತೀನಿ. ಮೊದ್ಲು ಆತನ ಸಾಲ ತೀರಿಸ್ಬಿಡಿ."

ನಿಜವಾಗಿ ಸಾಲವಿದ್ದ ಆರು ವರ್ಷ ಒಬ್ಬರೂ ಈ ಮಾತು ಆಡಿರಲಿಲ್ಲ. ಉಳಿತಾಯ ಶುರುವಾದ ದಿನವೇ ಸಾಲ ತಾನಾಗಿ ಮನೆಗೆ ನಡೆದು ಬಂತು!